ಬೇಸಿಗೆ ರಜೆಯಲ್ಲಿ ಆಫ್ರಿಕಾಕ್ಕೆ ಹೋದರೆ ಚಿರತೆ ಕಾಣುತ್ತದೆಯೇ?

ಓದುಗರ ಪ್ರಶ್ನೆ: ಕಬಿನಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಪ್ರಾಣಿಗಳು ಚೆನ್ನಾಗಿ ಕಾಣಿಸುತ್ತವೆ. ಮಕ್ಕಳಿಗೂ ಆಗಲೇ ರಜೆ. ಆಫ್ರಿಕಾದಲ್ಲಿ ಚಿರತೆ ನೋಡಲು ಅದೇ ಸರಿಯಾದ ಕಾಲವೇ?

ಅಲ್ಲ. ಭೂಮಧ್ಯರೇಖೆ ದಾಟಿ ದಕ್ಷಿಣಕ್ಕೆ ಇಳಿದ ಮೇಲೆ ನಮ್ಮ ಕಾಲದ ಲೆಕ್ಕ ತಿರುವುಮುರುವಾಗುತ್ತದೆ. ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದ ಪ್ರದೇಶದಲ್ಲಾಗಲಿ ಜಾಂಬಿಯಾದಲ್ಲಾಗಲಿ ಮಳೆ ಸುರಿಯುವುದು ಹೆಚ್ಚುಕಡಿಮೆ ನವೆಂಬರ್‌ನಿಂದ ಮಾರ್ಚ್‌ವರೆಗೆ. ನಮ್ಮಲ್ಲಿ ಬೇಸಿಗೆ ರಜೆ ಶುರುವಾಗುವ ಹೊತ್ತಿಗೆ ಅಲ್ಲಿ ಮಳೆಗಾಲ ಆಗತಾನೇ ಮುಗಿದಿರುತ್ತದೆ. ಪೊದೆಗಳ ಎಲೆ ದಟ್ಟವಾಗಿ, ಹುಲ್ಲು ಎತ್ತರಕ್ಕೆ ಬೆಳೆದಿರುತ್ತದೆ. ಒಣಗಾಲ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ. ಶಾಲೆಗೆ ಹೋಗುವ ಮಕ್ಕಳಿರುವ ಮನೆಯವರು ದಸರಾ ರಜೆಗೆ ಹೊರಡುವುದೇ ಒಳ್ಳೆಯದು.

ಚಿರತೆ ವಲಸೆ ಹೋಗುವ ಪ್ರಾಣಿಯಲ್ಲ ಎಂಬುದು ಇಲ್ಲಿ ಮುಖ್ಯ. ಅದಕ್ಕೆ ತನ್ನದೇ ಸರಹದ್ದು ಇದೆ, ವರ್ಷವಿಡೀ ಅಲ್ಲೇ ಓಡಾಡಿಕೊಂಡಿರುತ್ತದೆ. ಏಪ್ರಿಲ್‌ನಲ್ಲಿ ನಿಮ್ಮ ಜೀಪು ಅದರಿಂದ ಹತ್ತು ಅಡಿ ದೂರದಲ್ಲಿ ಹಾದುಹೋಗಿರಬಹುದು, ನೀವು ನೋಡಿರುವುದಿಲ್ಲ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಅದೇ ಪೊದೆ ಬರಿಯ ಕಡ್ಡಿಯಾಗಿರುತ್ತದೆ. ನೀರಿನ ಹೊಂಡಗಳು ಬತ್ತಿ, ಚಿರತೆಯ ಆಹಾರವಾದ ಇಂಪಾಲದಂಥ (ಆಫ್ರಿಕಾದ ಒಂದು ಬಗೆಯ ಹುಲ್ಲೆ) ಪ್ರಾಣಿಗಳು ಉಳಿದ ನೀರಿನ ಸುತ್ತ ಸೇರುತ್ತವೆ. ಚಿರತೆಯೂ ಅಲ್ಲಿಗೆ ಬರುತ್ತದೆ.

ಒಣಗಾಲದಲ್ಲಿ ಹೋಗುವಿರಾದರೆ ನಾನು ಮೊದಲು ಹೇಳುವ ಹೆಸರು ಜಾಂಬಿಯಾದ ಸೌತ್ ಲುವಾಂಗ್ವಾ. ಸುಮಾರು 9,050 ಚದರ ಕಿಲೋಮೀಟರ್ ವಿಸ್ತಾರದ ಈ ಉದ್ಯಾನದಲ್ಲಿ ರಾತ್ರಿ ಸಫಾರಿಗೆ ಅವಕಾಶವಿದೆ. ಇರುಳಿನ ಬೇಟೆಗಾರನನ್ನು ಇರುಳಿನಲ್ಲೇ ನೋಡುವ ಅವಕಾಶ ಎಲ್ಲ ಕಡೆ ಸಿಗುವುದಿಲ್ಲ. ಅಕ್ಟೋಬರ್‌ನಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಅದಕ್ಕೆ ತಯಾರಾಗಿ ಹೋಗಿ. ಮಳೆ ಹಿಡಿದರೆ ಅಲ್ಲಿನ ಎಷ್ಟೋ ದಾರಿಗಳು ಕೆಸರಾಗಿ ಮುಚ್ಚಿಬಿಡುತ್ತವೆ.

ಏಪ್ರಿಲ್, ಮೇ ಬಿಟ್ಟರೆ ಬೇರೆ ದಾರಿಯೇ ಇಲ್ಲವೆನ್ನುವವರು ಕ್ರೂಗರ್‌ಗೆ ಅಂಟಿಕೊಂಡಿರುವ ಸಾಬಿ ಸ್ಯಾಂಡ್ ಖಾಸಗಿ ಕಾಡನ್ನು ಆರಿಸಿಕೊಳ್ಳಿ. ಎರಡರ ನಡುವಿನ ಬೇಲಿಯನ್ನು 1993ರಲ್ಲೇ ತೆಗೆದಿದ್ದಾರೆ, ಪ್ರಾಣಿಗಳು ಆಚೀಚೆ ಓಡಾಡುತ್ತವೆ. ಕ್ರೂಗರ್‌ನಲ್ಲಿ ಸ್ವಂತ ಕಾರಿನಲ್ಲಿ ಹೋದವರು ರಸ್ತೆ ಬಿಟ್ಟು ಇಳಿಯುವಂತಿಲ್ಲ, ಕತ್ತಲಾಗುವ ಮೊದಲು ಗೇಟು ಸೇರಬೇಕು. ಸಾಬಿ ಸ್ಯಾಂಡ್‌ನಲ್ಲಿ ಚಿರತೆ ಸಿಕ್ಕರೆ ಮಾರ್ಗದರ್ಶಕರು ದಾರಿ ಬಿಟ್ಟು ಪೊದೆಯೊಳಗೂ ವಾಹನ ನುಗ್ಗಿಸಬಹುದು. ಅಲ್ಲಿನ ಚಿರತೆಗಳು ತಲೆಮಾರುಗಳಿಂದ ಜೀಪುಗಳನ್ನು ನೋಡುತ್ತಲೇ ಬೆಳೆದಿವೆ. ಮೀಸೆಯ ಸಾಲಿನ ಮೇಲಿರುವ ಚುಕ್ಕೆಗಳನ್ನು ಎಣಿಸಿ ಇದು ಇಂಥದೇ ಚಿರತೆ ಎಂದು ಅಲ್ಲಿನವರು ಗುರುತಿಸುತ್ತಾರೆ. ಅದರ ತಾಯಿ, ಅಜ್ಜಿ ಯಾರೆಂದೂ ಹೇಳುತ್ತಾರೆ.

ಏಪ್ರಿಲ್ ಕೊನೆಗೆ ಶುರುವಾಗುವ ಇಂಪಾಲಗಳ ಬೆದೆಗಾಲವೂ ನಿಮ್ಮ ನೆರವಿಗೆ ಬರಬಹುದು. ಗಂಡುಗಳು ಹಗಲಿರುಳು ಗುಟುರು ಹಾಕುತ್ತ, ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತ ಬಳಲಿರುತ್ತವೆ, ಎಚ್ಚರ ತಪ್ಪಿರುತ್ತವೆ. ಚಿರತೆಗೆ ಅಷ್ಟು ಸಾಕು.

ಯಾವ ತಿಂಗಳಾದರೂ ಕಿವಿ ತೆರೆದಿರಲಿ. ಬಂಡೀಪುರದಲ್ಲಿ ಜಿಂಕೆ, ಮುಸುವಗಳ ಕೂಗಿಗೆ ಚಾಲಕ ಎಂಜಿನ್ ಆರಿಸುವುದನ್ನು ನೋಡಿದ್ದೀರಲ್ಲ? ಅಲ್ಲಿ ಆ ಕೆಲಸ ಮಾಡುವುದು ಇಂಪಾಲ ಮತ್ತು ವರ್ವೆಟ್ ಕೋತಿಗಳು. ಇಂಪಾಲ ಮೂಗಿನಿಂದ ಫಟ್ಟನೆ ಸೀನಿದಂತೆ ಸದ್ದು ಮಾಡುತ್ತದೆ. ಇಡೀ ಹಿಂಡು ಮೇಯುವುದನ್ನು ನಿಲ್ಲಿಸಿ ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತದೆ. ಜೀಪಿನ ಮೂತಿಯ ಮೇಲಿನ ಪುಟ್ಟ ಆಸನದಲ್ಲಿ ಕುಳಿತು ಮರಳಿನ ಹೆಜ್ಜೆಗುರುತು ಓದುತ್ತಿದ್ದವನು ಮಾತಿಲ್ಲದೆ ಕೈ ಎತ್ತುತ್ತಾನೆ. ಆಮೇಲೆ ಮರುಲಾ ಮರದ ಕವಲಿನಲ್ಲಿ ಕಣ್ಣಿಗೆ ಬೀಳುವುದು ಬೇಟೆಯ ನಾಲ್ಕು ಕಾಲುಗಳು. ಕತ್ತೆಕಿರುಬ, ಸಿಂಹಗಳು ಕಸಿದುಕೊಳ್ಳುತ್ತವೆಂದು ಚಿರತೆ ತನ್ನಷ್ಟೇ ಭಾರದ ಪ್ರಾಣಿಯನ್ನು ಬಾಯಲ್ಲಿ ಕಚ್ಚಿ ಅಷ್ಟೆತ್ತರಕ್ಕೆ ಒಯ್ದಿರುತ್ತದೆ. ಚಿರತೆ ಎಲ್ಲಿ ಎಂದು ತಡಕಾಡುವಾಗ ಮೊದಲು ಕಾಣುವುದು ಕೊಂಬೆಯಿಂದ ಇಳಿಬಿದ್ದ ಬಾಲ.

ಜೂನ್, ಜುಲೈನಲ್ಲಿ ಹೋಗುವವರು ಸ್ವೆಟರ್, ಟೋಪಿ, ಕೈಗವಸು ಮರೆಯಬೇಡಿ. ತೆರೆದ ಜೀಪಿನಲ್ಲಿ ಬೆಳಗಿನ ಆರು ಗಂಟೆಯ ಗಾಳಿ ಮೂಳೆಗೆ ತಾಗುತ್ತದೆ. ಒಂದೇ ಕಡೆ ಕನಿಷ್ಠ ಮೂರು ರಾತ್ರಿ ಉಳಿಯಿರಿ. ಹಣ ಕಟ್ಟುವ ಮೊದಲು ರಾತ್ರಿ ಸಫಾರಿ ಇದೆಯೇ, ದಾರಿ ಬಿಟ್ಟು ಹೋಗಲು ಅನುಮತಿ ಇದೆಯೇ ಎಂದು ತಪ್ಪದೆ ಕೇಳಿಕೊಳ್ಳಿ.