ಆರ್ವೆಲ್ ಹೇಳಿದ್ದೆಲ್ಲ ನಿಜವಾಯಿತೇ?

ಪ್ರಶ್ನೆ: ವಿಜ್ಞಾನ ಕಾದಂಬರಿಗಳಲ್ಲಿ ಭವಿಷ್ಯ ಯಾವಾಗಲೂ ಕರಾಳವಾಗಿಯೇ ಏಕಿರುತ್ತದೆ? ಸುಖದ ಭವಿಷ್ಯ ಬರೆದವರ ಮಾತು ಒಂದೂ ನಿಜವಾಗಲಿಲ್ಲ. ಸರ್ಕಾರ ಜನರ ಮೇಲೆ ಸದಾ ಕಣ್ಣಿಡುತ್ತದೆ ಎಂದು ಜಾರ್ಜ್ ಆರ್ವೆಲ್ 1949ರಲ್ಲೇ ‘1984’ ಕಾದಂಬರಿಯಲ್ಲಿ ಹೇಳಿದ್ದು ಮಾತ್ರ ಅಕ್ಷರಶಃ ನಿಜವಾಯಿತು. ಹಾಗಾದರೆ ಕೆಟ್ಟದ್ದನ್ನು ಊಹಿಸುವವರೇ ಸರಿ ಎಂದಲ್ಲವೇ?

ಉತ್ತರ: ವೃತ್ತದಲ್ಲಿ ಹೊಸ ಕ್ಯಾಮೆರಾ ಕಂಬ ನೆಟ್ಟಾಗ, ಮನೆಯಲ್ಲಿ ಮಿಕ್ಸಿಯ ಬಗ್ಗೆ ಮಾತನಾಡಿದ ಮರುಕ್ಷಣ ಮೊಬೈಲಿನಲ್ಲಿ ಮಿಕ್ಸಿಯ ಜಾಹೀರಾತು ಬಂದಾಗ, ಈ ಪ್ರಶ್ನೆ ನನ್ನ ಕಡೆಗೆ ಬಂದೇ ಬರುತ್ತದೆ. ಚಿಕ್ಕ ಉತ್ತರಗಳನ್ನು ಕೊಟ್ಟಾಗಿದೆ. ಪ್ರಶ್ನೆ ಮಾತ್ರ ಹೋದ ದಾರಿಯಲ್ಲೇ ಮರಳಿ ಬರುತ್ತಿದೆ. ಆದ್ದರಿಂದ ಈ ಸಲ ವಿವರವಾಗಿಯೇ ಹೇಳುತ್ತೇನೆ.

ಕರಾಳ ಏಕೆ ಎಂಬುದನ್ನು ಆಮೇಲೆ ನೋಡೋಣ. ಮೊದಲು ಆರ್ವೆಲ್ ವಿಷಯ ಇತ್ಯರ್ಥವಾಗಬೇಕು, ಏಕೆಂದರೆ ಉಳಿದ ಗೊಂದಲವೆಲ್ಲ ಅಲ್ಲಿಂದಲೇ ಹುಟ್ಟಿದೆ. ಆರ್ವೆಲ್ ಭವಿಷ್ಯ ನುಡಿಯಲಿಲ್ಲ. ನುಡಿದಿದ್ದರು ಎಂದೇ ಇಟ್ಟುಕೊಂಡರೂ ಅದು ಬಹುಪಾಲು ಸುಳ್ಳಾಗಿದೆ.

‘1984’ರ ಮೊದಲ ಪುಟವನ್ನೇ ತೆರೆಯಿರಿ. ವಿನ್‌ಸ್ಟನ್ ಸ್ಮಿತ್ ಮನೆಗೆ ಬರುತ್ತಾನೆ. ಒಳಗೆ ಕಾಲಿಟ್ಟರೆ ಬೇಯಿಸಿದ ಎಲೆಕೋಸಿನ ವಾಸನೆ. ಲಿಫ್ಟ್ ಇದೆ, ನಡೆಯುವುದಿಲ್ಲ. ಉಳಿತಾಯದ ಹೆಸರಿನಲ್ಲಿ ಹಗಲು ಹೊತ್ತು ಕರೆಂಟ್ ತೆಗೆದಿದ್ದಾರೆ. ಮೀನಖಂಡ ಇಳಿಯುವಲ್ಲಿ ಹುಣ್ಣಾಗಿರುವ ಕಾಲನ್ನು ಎಳೆದುಕೊಂಡು, ನಡುನಡುವೆ ನಿಂತು ಸುಧಾರಿಸಿಕೊಳ್ಳುತ್ತ ಅವನು ಮೆಟ್ಟಿಲು ಹತ್ತುತ್ತಾನೆ. ಆ ಊರಿನಲ್ಲಿ ಗಡ್ಡ ಹೆರೆಯುವ ಬ್ಲೇಡಿಗೂ ಬರ. ಇದು ಯಾವ ಭವಿಷ್ಯ? ಇದು ಆರ್ವೆಲ್ ಬದುಕಿದ್ದ ಲಂಡನ್. ಯುದ್ಧ ನಡೆಯುತ್ತಿದ್ದಾಗಲೂ ರೇಷನ್ನಿಗೆ ಸಿಕ್ಕದಿದ್ದ ಬ್ರೆಡ್ಡಿಗೆ ಬ್ರಿಟನ್ನಿನಲ್ಲಿ ಯುದ್ಧ ಗೆದ್ದ ಮೇಲೆ, 1946ರಿಂದ 1948ರವರೆಗೆ, ರೇಷನ್ ಇತ್ತು. 1947ರ ಚಳಿಗಾಲದಲ್ಲಿ ಕಲ್ಲಿದ್ದಲಿಲ್ಲದೆ ವಿದ್ಯುತ್ ಕಡಿತವಾಗಿತ್ತು. ಕಾದಂಬರಿಯಲ್ಲಿ ವಾರವಾರ ಬೀಳುವ ರಾಕೆಟ್ ಬಾಂಬುಗಳನ್ನು ಲಂಡನ್ನಿನ ಜನ 1944–45ರಲ್ಲಿ ಕಣ್ಣಾರೆ ಕಂಡಿದ್ದರು.

ಹಳೆಯ ಪತ್ರಿಕೆಗಳನ್ನು ತಿದ್ದಿ ಚರಿತ್ರೆಯನ್ನೇ ಬದಲಿಸುವ, ಕಾದಂಬರಿಯ ಸತ್ಯ ಸಚಿವಾಲಯವನ್ನು ತೆಗೆದುಕೊಳ್ಳಿ. ಆರ್ವೆಲ್ 1941ರಿಂದ 1943ರವರೆಗೆ ಬಿಬಿಸಿಯಲ್ಲಿ ಭಾರತಕ್ಕಾಗಿ ಕಾರ್ಯಕ್ರಮ ತಯಾರಿಸುತ್ತಿದ್ದರು. ಬರೆದ ಪ್ರತಿ ಸಾಲೂ ಸೆನ್ಸಾರ್ ಆಗಿಯೇ ಹೊರಬೀಳುತ್ತಿತ್ತು. ಅವರ ಪತ್ನಿ ಐಲೀನ್ ಯುದ್ಧಕಾಲದ ಸೆನ್ಸಾರ್ ವಿಭಾಗದಲ್ಲೇ ಕೆಲಸ ಮಾಡಿದ್ದರು. ಅತ್ತ ಸೋವಿಯತ್ ಒಕ್ಕೂಟದಲ್ಲಿ ಗುಪ್ತ ಪೊಲೀಸ್ ಮುಖ್ಯಸ್ಥನಾಗಿದ್ದ ಯೆಜೋವ್‌ನನ್ನು ಕೊಂದ ಮೇಲೆ, ಕಾಲುವೆಯ ದಡದಲ್ಲಿ ಸ್ಟಾಲಿನ್ ಪಕ್ಕ ನಡೆಯುತ್ತಿದ್ದ ಅವನನ್ನು ಫೋಟೋದಿಂದಲೂ ಅಳಿಸಿದ್ದರು. ಅವನು ನಿಂತಿದ್ದ ಜಾಗದಲ್ಲಿ ಈಗ ಬರೀ ನೀರು ಕಾಣುತ್ತದೆ. ಕಾದಂಬರಿಯಲ್ಲಿ ಬರುವಂತೆ ನಿನ್ನೆಯ ಶತ್ರು ಇವತ್ತಿನ ಮಿತ್ರನಾಗುವುದು, ಮೊದಲಿನಿಂದಲೂ ಮಿತ್ರನೇ ಆಗಿದ್ದನೆಂದು ಜನ ನಂಬಬೇಕಾಗುವುದು 1939ರ ಹಿಟ್ಲರ್–ಸ್ಟಾಲಿನ್ ಒಪ್ಪಂದದಲ್ಲೂ ಅದು ಮುರಿದುಬಿದ್ದ 1941ರಲ್ಲೂ ನಡೆದ ಸಂಗತಿ. ಎರಡು ಮತ್ತು ಎರಡು ಕೂಡಿದರೆ ಐದು ಎಂಬ ಕಾದಂಬರಿಯ ಮಾತಂತೂ ಪಂಚವಾರ್ಷಿಕ ಯೋಜನೆಯನ್ನು ನಾಲ್ಕೇ ವರ್ಷದಲ್ಲಿ ಮುಗಿಸುತ್ತೇವೆ ಎಂದು ಸೋವಿಯತ್ ಪೋಸ್ಟರಿನಲ್ಲಿ ಬರೆದಿದ್ದ ಘೋಷಣೆ. ಆರ್ವೆಲ್ ಇವನ್ನೆಲ್ಲ ಒಂದೇ ಊರಿಗೆ ತಂದು, ತಪ್ಪಿಸಿಕೊಳ್ಳಲು ಸಂದಿಯೇ ಇಲ್ಲದಂತೆ ಜೋಡಿಸಿದರು. ಅವರ ಪ್ರತಿಭೆ ಇರುವುದು ಆ ಜೋಡಣೆಯಲ್ಲಿ.

ಇಸವಿಯೂ ಹಾಗೆಯೇ. ಹಸ್ತಪ್ರತಿಯಲ್ಲಿ ಮೊದಲು 1980 ಎಂದಿತ್ತು, ಆಮೇಲೆ 1982 ಆಯಿತು, ಕೊನೆಗೆ 1984. ನಿರ್ದಿಷ್ಟ ವರ್ಷವೊಂದರಲ್ಲಿ ಇಂಥದ್ದು ನಡೆಯುತ್ತದೆ ಎಂದು ಕಂಡವರು ಆ ವರ್ಷವನ್ನು ಹೀಗೆ ಹೊಡೆದು ಹೊಡೆದು ಬರೆಯುವುದಿಲ್ಲ.

ಇನ್ನು ‘ಅಕ್ಷರಶಃ ನಿಜವಾಯಿತು’ ಎನ್ನುವವರು ಮರೆತೇಬಿಡುವ ಭಾಗಗಳು. ಆ ಕಾದಂಬರಿಯಲ್ಲಿ ಜನಸಂಖ್ಯೆಯ ಶೇ. 85ರಷ್ಟಿರುವ ದುಡಿಯುವ ಜನರ ಮೇಲೆ ಸರ್ಕಾರ ಹೆಚ್ಚಿನ ನಿಗಾ ಇಡುವುದೇ ಇಲ್ಲ. ನೋಡುವವರನ್ನೇ ತಿರುಗಿ ನೋಡುವ ಟಿವಿಯಾದ ಟೆಲಿಸ್ಕ್ರೀನ್ ಕೂಡ ಅವರಲ್ಲಿ ಬಹುತೇಕರ ಮನೆಯಲ್ಲಿ ಇಲ್ಲ. ಕಣ್ಗಾವಲು ಇರುವುದು ಆಳುವ ಪಕ್ಷದವರ ಮೇಲೆ. ವಿಜ್ಞಾನ ಆ ದೇಶದಲ್ಲಿ ಹೆಚ್ಚುಕಡಿಮೆ ನಿಂತುಹೋಗಿದೆ. ಕಾದಂಬರಿಗಳನ್ನು ತಯಾರಿಸುವ ಯಂತ್ರವೊಂದಿದೆ. ಅದನ್ನು ರಿಪೇರಿ ಮಾಡುವ ನಾಯಕಿ ಜೂಲಿಯಾಳ ಕೈಯಲ್ಲಿ ಸ್ಪ್ಯಾನರ್, ಅಂಗೈಗೆ ಗ್ರೀಸ್. ಸಂಬಳದಲ್ಲಿ ಕಂತು ಕಟ್ಟಿ ಮೊಬೈಲ್ ಕೊಂಡು, ಎಲ್ಲಿದ್ದೇವೆ, ಏನು ತಿಂದೆವು ಎಂದು ನಾವೇ ಕಂಪನಿಗಳಿಗೆ ಒಪ್ಪಿಸುವ ಲೋಕ ಆ ಪುಸ್ತಕದಲ್ಲಿ ಎಲ್ಲೂ ಇಲ್ಲ.

ಕನ್ನಡದ ಓದುಗರು ಗಮನಿಸಲೇಬೇಕಾದ ಒಂದು ಸಾಲು ಅದರಲ್ಲಿದೆ. ಮೂರು ದೈತ್ಯ ರಾಷ್ಟ್ರಗಳು ಜಗತ್ತನ್ನು ಹಂಚಿಕೊಂಡಿವೆ. ಯಾರ ಪಾಲಿಗೂ ಖಾಯಂ ಆಗಿ ಸೇರದ ಪ್ರದೇಶವೊಂದು ನಡುವೆ ಉಳಿದಿದೆ. ಟ್ಯಾಂಜಿಯರ್, ಬ್ರಾಜಾವಿಲ್, ಡಾರ್ವಿನ್, ಹಾಂಗ್‌ಕಾಂಗ್ ಅದರ ನಾಲ್ಕು ಮೂಲೆಗಳು. ಅಲ್ಲಿನ ಜನ ಒಬ್ಬ ವಿಜೇತನ ಕೈಯಿಂದ ಇನ್ನೊಬ್ಬನ ಕೈಗೆ ದಾಟುತ್ತ, ಕಲ್ಲಿದ್ದಲು ಎಣ್ಣೆಗಳಂತೆ ಖರ್ಚಾಗುವ ಕೂಲಿಗಳು. ಆ ಪಟ್ಟಿಯಲ್ಲಿ ದಕ್ಷಿಣ ಭಾರತದ ಹೆಸರೇ ಇದೆ. ಅಂದರೆ ಆರ್ವೆಲ್ ಲೋಕದಲ್ಲಿ ನೀವೂ ನಾನೂ ಟೆಲಿಸ್ಕ್ರೀನಿನ ಮುಂದೆ ಕೂರುವುದಿಲ್ಲ, ಅದಕ್ಕಿಂತ ಬಹಳ ಕೆಳಗೆ ಇರುತ್ತೇವೆ. ಇದು ನಿಜವಾಯಿತು ಎಂದು ಯಾರೂ ನನಗೆ ಬರೆಯುವುದಿಲ್ಲ. ಇದು ಕೂಡ ಅವರು ಕಂಡದ್ದೇ: ಬಿಹಾರದ ಮೋತಿಹಾರಿಯಲ್ಲಿ ಅಫೀಮು ಇಲಾಖೆಯ ಅಧಿಕಾರಿಯ ಮಗನಾಗಿ ಹುಟ್ಟಿ, 1922ರಿಂದ ಐದು ವರ್ಷ ಬರ್ಮಾದಲ್ಲಿ ಬ್ರಿಟಿಷ್ ಪೊಲೀಸ್ ಅಧಿಕಾರಿಯಾಗಿದ್ದವರಿಗೆ ಸಾಮ್ರಾಜ್ಯ ಕೂಲಿಗಳನ್ನು ಹೇಗೆ ದುಡಿಸಿಕೊಳ್ಳುತ್ತದೆ ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ಸ್ವತಃ ಆರ್ವೆಲ್ ಏನು ಹೇಳಿದರು? ಪುಸ್ತಕ ಬಂದ ವರ್ಷವೇ ಅಮೆರಿಕದಲ್ಲಿ ತಪ್ಪು ಅರ್ಥಗಳು ಹುಟ್ಟಿಕೊಂಡಾಗ ಅವರು ಸ್ಪಷ್ಟನೆ ಕೊಟ್ಟರು: ಇಂಥ ಸಮಾಜ ಬಂದೇ ತೀರುತ್ತದೆ ಎಂದು ತಾನು ನಂಬುವುದಿಲ್ಲ, ಇದು ವಿಡಂಬನೆ, ಆದರೆ ಇದನ್ನು ಹೋಲುವಂಥದ್ದು ಬರಲು ಸಾಧ್ಯ. ಇದಕ್ಕಿಂತ ನೇರವಾಗಿ ಲೇಖಕರೊಬ್ಬರು ಹೇಗೆ ಹೇಳಬೇಕು?

ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ಒಂದೇ ಒಂದು ಸಾಲಿನ ಕಾರ್ಣಿಕ ನುಡಿಯುತ್ತಾರೆ. ಮಳೆಗೆ, ಬೆಳೆಗೆ, ರಾಜಕೀಯಕ್ಕೆ ಜನ ಅದನ್ನು ವರ್ಷವಿಡೀ ಹೊಂದಿಸಿ ನೋಡುತ್ತಾರೆ. ಕಾರ್ಣಿಕ ಇರುವುದೇ ಹಾಗೆ ಕೇಳುವುದಕ್ಕೆ. ಇಡೀ ಕಾದಂಬರಿಯೊಂದನ್ನು ಹಾಗೆ ಓದಿದರೆ ಹೊಂದಿದ ಸಾಲು ಉಳಿದು, ಹೊಂದದ ಪುಟಗಳು ಕಾಣದೆ ಹೋಗುತ್ತವೆ. ಇದರಿಂದಾಗುವ ನಷ್ಟ ಸಣ್ಣದಲ್ಲ. ಭವಿಷ್ಯವಾಣಿ ಎಂದುಕೊಂಡವರು ‘ಆಗಬೇಕಾದ್ದು ಆಗಿಯೇ ಹೋಯಿತು’ ಎಂದು ಪುಸ್ತಕ ಮಡಚಿಡುತ್ತಾರೆ. ಆಗಗೊಡಬಾರದು ಎಂದು ಬರೆದ ಪುಸ್ತಕಕ್ಕೆ ಇದಕ್ಕಿಂತ ದೊಡ್ಡ ಅನ್ಯಾಯ ನನಗೆ ತೋರುವುದಿಲ್ಲ.

ಈಗ ಕರಾಳತನದ ವಿಷಯ. ಇಪ್ಪತ್ತನೆಯ ಶತಮಾನದ ಬರಹಗಾರರಿಗೆ ಅದಕ್ಕೆ ಬೇಕಾದ ಸಾಮಗ್ರಿಯನ್ನು ಅವರ ಕಾಲವೇ ಕೊಟ್ಟಿತು. ರಷ್ಯದ ಯೆವ್ಗೆನಿ ಜಮ್ಯಾತಿನ್ ಹಡಗು ಎಂಜಿನಿಯರ್. ಹಿಮ ಒಡೆಯುವ ಹಡಗುಗಳ ನಿರ್ಮಾಣ ನೋಡಿಕೊಳ್ಳಲು 1916–17ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿದ್ದರು. ಊರಿಗೆ ಮರಳಿ, ಕ್ರಾಂತಿಯ ಬೆನ್ನಲ್ಲೇ ‘ನಾವು’ ಎಂಬ ಕಾದಂಬರಿ ಬರೆದರು. ಅದರಲ್ಲಿ ಎಲ್ಲರ ಮನೆಯೂ ಗಾಜಿನದು, ಎಲ್ಲರಿಗೂ ಹೆಸರಿನ ಬದಲು ಸಂಖ್ಯೆ. ಊಟದ ಹೊತ್ತಿಗೆ ಇಡೀ ಊರು ಒಂದೇ ಕ್ಷಣಕ್ಕೆ ಚಮಚ ಎತ್ತುತ್ತದೆ. ಒಂದು ತುತ್ತನ್ನು ಐವತ್ತು ಸಲ ಅಗಿಯಬೇಕೆಂಬುದು ಕಾನೂನು. ಕಾರ್ಖಾನೆಯಲ್ಲಿ ಕಾರ್ಮಿಕನ ಪ್ರತಿ ಚಲನೆಯನ್ನೂ ಗಡಿಯಾರ ಹಿಡಿದು ಅಳೆದ ಅಮೆರಿಕದ ಟೇಲರ್ ಆ ರಾಜ್ಯದ ಋಷಿ. ಆ ಪುಸ್ತಕ 1924ರಲ್ಲಿ ನ್ಯೂಯಾರ್ಕಿನಲ್ಲಿ ಇಂಗ್ಲಿಷ್ ಅನುವಾದವಾಗಿ ಬಂತು, ಸೋವಿಯತ್ ನೆಲದಲ್ಲಿ ಅಚ್ಚಾಗಿದ್ದು 1988ರಲ್ಲಿ. ಆರ್ವೆಲ್ ಅದನ್ನು ಓದಿ 1946ರಲ್ಲಿ ವಿಮರ್ಶೆಯನ್ನೂ ಬರೆದಿದ್ದರು.

ಕಥೆಯ ಕಟ್ಟಿನದೇ ಒಂದು ಕಾರಣವೂ ಇದೆ, ಇದನ್ನು ವಿದ್ಯಾರ್ಥಿಗಳಿಗೆ ತೋರಿಸುವುದೆಂದರೆ ನನಗೆ ಬಲು ಪ್ರೀತಿ. ಆದರ್ಶ ಲೋಕದ ಕಥೆಗಳಲ್ಲಿ ನಮಗೆ ಆ ಲೋಕವನ್ನು ಕಾಣಿಸುವುದು ಒಬ್ಬ ಅತಿಥಿಯ ಕಣ್ಣು. ಥಾಮಸ್ ಮೋರ್ 1516ರಲ್ಲಿ ಬರೆದ ‘ಯುಟೋಪಿಯ’ದಲ್ಲಿ ದ್ವೀಪ ನೋಡಿ ಬಂದ ನಾವಿಕ ಹೇಳುತ್ತಾನೆ. ಎಡ್ವರ್ಡ್ ಬೆಲಾಮಿಯ 1888ರ ಕಾದಂಬರಿಯಲ್ಲಿ 1887ರಲ್ಲಿ ಮಲಗಿದವನು 2000ದಲ್ಲಿ ಎದ್ದು ಬಾಸ್ಟನ್ ನೋಡುತ್ತಾನೆ. ಜೊತೆಗೆ ಎಲ್ಲವನ್ನೂ ವಿವರಿಸಲು ಒಬ್ಬ ವೈದ್ಯರು. ಕರಾಳ ಕಥೆಗಳಲ್ಲಿ ಮಾತನಾಡುವವನು ಅಲ್ಲಿಯೇ ಹುಟ್ಟಿ ಬೆಳೆದ ನಿವಾಸಿ. ಅತಿಥಿಗೆ ಊರು ಚೆನ್ನಾಗಿ ಕಾಣುತ್ತದೆ, ಆದರೆ ಅವನಿಗೆ ಅಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ, ಕಥೆ ಸಪ್ಪೆಯಾಗುತ್ತದೆ. ನಿವಾಸಿಗೆ ಎಲ್ಲವೂ ಪಣಕ್ಕಿದೆ. ಓದುಗರು ಯಾರ ಹಿಂದೆ ಹೋಗುತ್ತಾರೆ ಎಂದು ಬೇರೆ ಹೇಳಬೇಕಿಲ್ಲ.

ಆದರ್ಶದವರು ಸುಳ್ಳಾದರು ಎಂಬ ಆರೋಪಕ್ಕೂ ಇಲ್ಲೇ ಉತ್ತರವಿದೆ. ಅವರೂ ಭವಿಷ್ಯ ನುಡಿದವರಲ್ಲ. ಬಂಗಾಳದ ಲೇಖಕಿ ಬೇಗಂ ರೋಕೆಯಾ ಸಖಾವತ್ ಹುಸೇನ್ 1905ರಲ್ಲಿ ಮದರಾಸಿನ ‘ಇಂಡಿಯನ್ ಲೇಡೀಸ್ ಮ್ಯಾಗಜೀನ್’ನಲ್ಲಿ ‘ಸುಲ್ತಾನಾಳ ಕನಸು’ ಪ್ರಕಟಿಸಿದರು. ಅದರ ಮಹಿಳಾ ರಾಜ್ಯದಲ್ಲಿ ಪರದೆಯ ಹಿಂದಿರುವವರು ಗಂಡಸರು. ಹೆಂಗಸರ ವಿಶ್ವವಿದ್ಯಾಲಯ ಮೋಡದಿಂದ ನೀರು ಇಳಿಸುತ್ತದೆ, ಬಿಸಿಲಿನಿಂದ ಅಡುಗೆಯಾಗುತ್ತದೆ, ಅದೇ ಬಿಸಿಲನ್ನು ಕೇಂದ್ರೀಕರಿಸಿ ದಂಡೆತ್ತಿ ಬಂದ ಸೈನ್ಯವನ್ನು ಓಡಿಸುತ್ತಾರೆ. ಕಚೇರಿ ಕೆಲಸ ಎರಡೇ ಗಂಟೆಯಲ್ಲಿ ಮುಗಿಯುತ್ತದೆ. ಗಂಡಸರಾದರೆ ದಿನಕ್ಕೆ ಹನ್ನೆರಡು ಚುಟ್ಟಾ, ಒಂದಕ್ಕೆ ಅರ್ಧ ಗಂಟೆ, ಆರು ಗಂಟೆ ಹೊಗೆಯಲ್ಲೇ ಹೋಯಿತು ಎಂದು ಆಕೆ ಲೆಕ್ಕ ಹಾಕಿ ತೋರಿಸುತ್ತಾರೆ. ಮುಂದೊಂದು ದಿನ ಹೀಗಾಗುತ್ತದೆ ಎಂದು ಹೇಳಲು ಆಕೆ ಇದನ್ನು ಬರೆಯಲಿಲ್ಲ. 1905ರ ಜನಾನಾದ ಬಾಗಿಲನ್ನು ಹೆಂಗಸರು ಹೊರಗಿನಿಂದ ನೋಡುವಂತೆ ಗಂಡಸರನ್ನು ಒಮ್ಮೆ ಒಳಗೆ ಕೂರಿಸಿದರು, ಅಷ್ಟೇ.

ಅತಿಥಿಯ ಮಾತು ಬಂದದ್ದರಿಂದ ನೀವು ಕೇಳದ ಪ್ರಶ್ನೆಯೊಂದನ್ನು ಎತ್ತಬೇಕಾಗಿದೆ. ಈ ಸುಂದರ ರಾಜ್ಯಗಳಲ್ಲಿ ಪಾತ್ರೆ ತೊಳೆಯುವವರು, ಚರಂಡಿ ಬಳಿಯುವವರು ಯಾರು?

ರೋಕೆಯಾ ಕಥೆಯಲ್ಲಿ ಸುಲ್ತಾನಾ ಅಡುಗೆಮನೆ ನೋಡಲು ಹೋಗುತ್ತಾಳೆ. ಹೊಗೆಯಿಲ್ಲ, ಮಸಿಯಿಲ್ಲ, ಸುತ್ತ ತರಕಾರಿ ತೋಟ. ಅವಳು ಬರುವ ಮುನ್ನವೇ ಅಲ್ಲಿದ್ದ ಗಂಡಸರಿಗೆ ಹೊರಟುಹೋಗಲು ಹೇಳಲಾಗಿರುತ್ತದೆ. ಪರದೆಯ ನಿಯಮ ತಿರುವುಮುರುವಾದ ರಾಜ್ಯದಲ್ಲಿ ಅದು ಸಹಜವೇ, ಆದರೆ ಪರಿಣಾಮ ನೋಡಿ: ಅತಿಥಿಗೆ ಅಡುಗೆಮನೆ ಕಂಡಿತು, ಬೇಯಿಸುವವರು ಕಾಣಲಿಲ್ಲ. ಮೋರ್ ದ್ವೀಪದಲ್ಲಿ ದಿನಕ್ಕೆ ಆರೇ ಗಂಟೆ ಕೆಲಸ, ಚಿನ್ನಕ್ಕೆ ಬೆಲೆಯಿಲ್ಲ, ಅದರಲ್ಲಿ ಮೂತ್ರದ ಪಾತ್ರೆ ಮಾಡಿಸುತ್ತಾರೆ. ಅದೇ ಚಿನ್ನದಲ್ಲಿ ಗುಲಾಮರಿಗೆ ಸಂಕೋಲೆಯನ್ನೂ ಮಾಡಿಸುತ್ತಾರೆ. ಪ್ರಾಣಿ ಕೊಯ್ಯುವುದು, ಭೋಜನಶಾಲೆಯ ಕೊಳಕು ಕೆಲಸ, ಎಲ್ಲವೂ ಆ ಗುಲಾಮರದು. ಅನುಮತಿ ಪತ್ರವಿಲ್ಲದೆ ಎರಡನೆಯ ಸಲ ಊರು ಬಿಟ್ಟು ಸಿಕ್ಕಿಬಿದ್ದ ಪ್ರಜೆಯೂ ಗುಲಾಮನಾಗುತ್ತಾನೆ. ಆ ಗುಲಾಮನ ಕೈಗೆ ಲೇಖನಿ ಕೊಟ್ಟಿದ್ದರೆ ಇವತ್ತು ‘ಯುಟೋಪಿಯ’ ಕರಾಳ ಕಾದಂಬರಿಗಳ ಸಾಲಿನಲ್ಲಿರುತ್ತಿತ್ತು. ಬೆಲಾಮಿ ಮಾತ್ರ ಸ್ವಲ್ಪ ಯೋಚಿಸಿದ್ದರು: ಯಾರೂ ಒಪ್ಪದ ಕೆಲಸಕ್ಕೆ ದಿನದ ಅವಧಿಯನ್ನು ಇಳಿಸುತ್ತ ಹೋಗುವುದು, ಯಾರಾದರೂ ಒಪ್ಪುವವರೆಗೆ.

ನಮ್ಮಲ್ಲಿ ಇದು ಪುಸ್ತಕದ ಪ್ರಶ್ನೆಯಲ್ಲ. ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಆದೇಶ ಮಾಡಬೇಕಾಯಿತು. 1993ರಲ್ಲಿ ಕೇಂದ್ರ ಕಾನೂನು ಬಂತು, ಅದು ಸಾಲದೆ 2013ರಲ್ಲಿ ಇನ್ನೊಂದು ಬಂತು. ಚಮ್ಮಾರ ಕುಲದ ಸಂತ ರವಿದಾಸರು ಹಾಡಿದ ಬೇಗಂಪುರ ಎಂಬ ಕನಸಿನ ಊರಿನಲ್ಲಿ ದುಃಖವಿಲ್ಲ, ತೆರಿಗೆಯಿಲ್ಲ, ಎರಡನೆಯ ಮೂರನೆಯ ದರ್ಜೆಯವರೂ ಇಲ್ಲ. ಕೆಳಗಿನಿಂದ ನೋಡಿದವರಿಗೆ ಆದರ್ಶ ನಗರದಲ್ಲಿ ಮೊದಲು ಏನಿರಬಾರದು ಎಂಬುದು ಚೆನ್ನಾಗಿ ಗೊತ್ತಿತ್ತು.

ಈ ಪ್ರಶ್ನೆಯನ್ನು ಪೂರ್ತಿ ಎದುರಿಸಿದ್ದು, ನಾನು ಓದಿದವರ ಪೈಕಿ, ಅಮೆರಿಕದ ಉರ್ಸುಲಾ ಲೆ ಗ್ವಿನ್. ಅವರ 1974ರ ‘ದಿ ಡಿಸ್‌ಪೊಸೆಸ್ಡ್’ ಕಾದಂಬರಿಯಲ್ಲಿ ಅನಾರೆಸ್ ಎಂಬ ಬರಡು ಚಂದ್ರನ ಮೇಲೆ ಸರ್ಕಾರವಿಲ್ಲದ ಸಮಾಜವಿದೆ. ಅಲ್ಲಿಂದ ಶ್ರೀಮಂತ ಗ್ರಹವೊಂದಕ್ಕೆ ಹೋದ ಭೌತವಿಜ್ಞಾನಿ ಶೆವೆಕ್‌ನನ್ನು ಆ ಗ್ರಹದವನೊಬ್ಬ ಇದನ್ನೇ ಕೇಳುತ್ತಾನೆ: ಹೊಲಸು ಕೆಲಸ ಯಾರು ಮಾಡುತ್ತಾರೆ? ಎಲ್ಲರೂ, ಹತ್ತು ದಿನಕ್ಕೊಮ್ಮೆ ಸರದಿಯ ಮೇಲೆ, ಎಂಬುದು ಶೆವೆಕ್‌ನ ಉತ್ತರ. ಲೇಖಕಿ ಅಲ್ಲಿಗೇ ನಿಲ್ಲಿಸಿದ್ದರೆ ಇದೂ ಅತಿಥಿಗೆ ತೋರಿಸುವ ಊರಾಗಿಬಿಡುತ್ತಿತ್ತು. ಅವರು ನಿಲ್ಲಿಸುವುದಿಲ್ಲ. ಬರಗಾಲ ಬರುತ್ತದೆ, ಕೆಲಸ ಹಂಚುವ ಅದೇ ವ್ಯವಸ್ಥೆ ಶೆವೆಕ್‌ನನ್ನೂ ಅವನ ಸಂಗಾತಿ ಟಕ್ವೆರ್‌ಳನ್ನೂ ನಾಲ್ಕು ವರ್ಷ ಬೇರೆ ಬೇರೆ ಕಡೆ ಇಡುತ್ತದೆ. ಆಜ್ಞೆ ಮಾಡಿದವರು ಯಾರೂ ಇಲ್ಲ. ಬೇಡ ಎನ್ನಲು ಇಬ್ಬರಿಗೂ ಹಕ್ಕಿದೆ, ಆದರೆ ನೆರೆಯವರು ಹಸಿದಿರುವಾಗ ಬೇಡ ಎನ್ನಲು ಬಾಯಿ ಬರುವುದಿಲ್ಲ. ಆದರ್ಶವೂ ಅದರ ಬಿರುಕೂ ಒಂದೇ ಮನೆಯೊಳಗೆ ಹೀಗೆ ಕಾಣುವುದು ಅಪರೂಪ.

ಇವನ್ನು ಓದಬೇಕೆನ್ನುವವರು ‘ಸುಲ್ತಾನಾಳ ಕನಸಿ’ನಿಂದ ಆರಂಭಿಸಿ, ಒಂದು ಮಧ್ಯಾಹ್ನಕ್ಕೆ ಮುಗಿಯುತ್ತದೆ. ಆಮೇಲೆ ಲೆ ಗ್ವಿನ್. ಆರ್ವೆಲ್‌ರನ್ನು ಕೊನೆಗೆ ಓದಿ. ದಕ್ಷಿಣ ಭಾರತದ ಆ ಸಾಲು ಎರಡನೆಯ ಭಾಗದ ಒಂಬತ್ತನೆಯ ಅಧ್ಯಾಯದಲ್ಲಿ, ವಿನ್‌ಸ್ಟನ್ ಗುಟ್ಟಾಗಿ ಓದುವ ಪುಸ್ತಕದೊಳಗಿನ ಪುಸ್ತಕದಲ್ಲಿದೆ. ಬಹಳಷ್ಟು ಜನ ಆ ಪುಟಗಳನ್ನು ಬೇಸರವೆಂದು ಹಾರಿಸುತ್ತಾರೆ; ನೀವು ಹಾರಿಸಬೇಡಿ.