ರಬ್ಬರ್ ಎಲೆ ಉದುರುವುದು: ರೋಗ ಮೂರು, ಹವೆಯೂ ಮೂರು

ಸುಳ್ಯ, ಪುತ್ತೂರು ಕಡೆ ನಾಲ್ಕು ಜನ ರಬ್ಬರ್ ಬೆಳೆಗಾರರು ಸೇರಿದರೆ ಎಲೆ ರೋಗದ ಮಾತು ಬಂದೇ ಬರುತ್ತದೆ. ಒಬ್ಬರು ಹೇಳುವುದು ಚಳಿಗಾಲದ ಮಂಜಿನ ರೋಗ, ಇನ್ನೊಬ್ಬರದು ಆಟಿ ಮಳೆಯದು, ಮತ್ತೊಬ್ಬರದು ಏಪ್ರಿಲ್ ಸೆಕೆಯದು. ಎಲ್ಲದಕ್ಕೂ ಹೆಸರು ಒಂದೇ. ಹಾಗಾಗಿ ಒಬ್ಬರಿಗೆ ಹಿಡಿದ ಮದ್ದು ಇನ್ನೊಬ್ಬರ ತೋಟದಲ್ಲಿ ದಂಡ.

1876ರಲ್ಲಿ ಹೆನ್ರಿ ವಿಕ್‌ಹ್ಯಾಂ ಅಮೆಜಾನಿನಿಂದ ಸಾಗಿಸಿದ ಬೀಜಗಳ ಸಂತತಿಯೇ ಏಷ್ಯಾದ ಬಹುಪಾಲು ರಬ್ಬರ್. ಶತಮಾನದೊಳಗೆ ಅದು ಕೇರಳ ತುಂಬಿತು, ಲಂಕೆಯಿಂದ ಮರಳಿದ ತಮಿಳರ ನೆಲೆಗಾಗಿ ದಕ್ಷಿಣ ಕನ್ನಡದ ಗುಡ್ಡಗಳನ್ನೂ ಹತ್ತಿತು.

ಮೊದಲು ಕಾಡಿದ್ದು ಮಳೆಯ ರೋಗ. ಕಾರಣ ಫೈಟೊಫ್ತೊರಾ ಎಂಬ ಸೂಕ್ಷ್ಮಜೀವಿ, ಅಡಿಕೆ ಕೊಳೆರೋಗದ ದಾಯಾದಿ. (ವಿಜ್ಞಾನಿಗಳು ಈಗ ಇದನ್ನು ಶಿಲೀಂಧ್ರ ಎನ್ನುವುದಿಲ್ಲ, ತೋಟದಲ್ಲಿ ಯಾರೂ ಆ ತಕರಾರಿಗೆ ಹೋಗುವುದಿಲ್ಲ.) ಬಿಸಿಲು ಕಾಣದಂತೆ ನಾಲ್ಕಾರು ದಿನ ಮಳೆ ಹಿಡಿದರೆ ಮೊದಲು ಕಾಯಿ ಕೊಳೆಯುತ್ತದೆ, ಆಮೇಲೆ ಹಸಿರೆಲೆ ತೊಟ್ಟುಸಮೇತ ಬೀಳುತ್ತದೆ. ಬಿದ್ದದ್ದನ್ನು ಎತ್ತಿ ನೋಡಿ: ತೊಟ್ಟಿನ ಮೇಲೆ ಕಪ್ಪು ಕಲೆ, ಅದರ ನಡುವೆ ಹೆಪ್ಪುಗಟ್ಟಿದ ಹಾಲಿನ ಒಂದು ಬಿಳಿ ಹನಿ. ಮಳೆಗೆ ಮುಂಚೆ ತಾಮ್ರದ ಮದ್ದು ಹೊಡೆದರೆ ಇದು ತಡೆಯುತ್ತದೆ. ಅಡಿಕೆಗೆ ಮೈಲುತುತ್ತು ಹೊಡೆದವರಿಗೆ ಹೊಸತೇನಲ್ಲ.

ಬೂದಿ ರೋಗಕ್ಕೆ ಬೇಕಾದದ್ದು ಮಳೆಯಲ್ಲ. ಚಿಗುರಿನ ಹೊತ್ತಿನ ತಂಪು, ಮೋಡ, ಮಂಜು. ಅದಕ್ಕೆ ಗಂಧಕದ ಪುಡಿ, ಅದೂ ಬೆಳಗಿನ ಇಬ್ಬನಿ ಆರುವ ಮುಂಚೆ.

ಜಟಿಲವಾದದ್ದು ಮೂರನೆಯದು, ಕೊರಿನೆಸ್ಪೊರಾ ಎಂಬ ಶಿಲೀಂಧ್ರದ ರೋಗ. ಭಾರತದಲ್ಲಿ 1958ರಲ್ಲೇ ನರ್ಸರಿ ಸಸಿಗಳಲ್ಲಿ ಕಂಡಿದ್ದರೂ ದಶಕಗಳ ಕಾಲ ಅದು ಸಣ್ಣ ಕಿರುಕುಳವಾಗಿಯೇ ಉಳಿಯಿತು. 1980ರಲ್ಲಿ ಭಾರತೀಯ ರಬ್ಬರ್ ಸಂಶೋಧನಾ ಸಂಸ್ಥೆಯ ಆರ್‌ಆರ್‌ಐಐ 105 ತಳಿ ಬಿಡುಗಡೆಯಾಯಿತು. ಹಾಲು ಜಾಸ್ತಿ, ಬೇಡ ಎನ್ನುವವರಾರು? ನೋಡುನೋಡುತ್ತಾ ಗುಡ್ಡಕ್ಕೆ ಗುಡ್ಡವೇ 105 ಆಯಿತು. ಕಸಿ ಎಂದರೆ ಸಾವಿರ ಮರಗಳೂ ಒಂದೇ ಮರದ ತುಂಡುಗಳು: ಒಟ್ಟಿಗೆ ಎಲೆ ಉದುರಿಸುತ್ತವೆ, ಒಟ್ಟಿಗೆ ಚಿಗುರುತ್ತವೆ, ರೋಗಕ್ಕೂ ಒಟ್ಟಿಗೇ ಸಿಗುತ್ತವೆ. ಎಂಬತ್ತರ ದಶಕದಲ್ಲೇ ಲಂಕೆಯಲ್ಲಿ ಆರ್‌ಆರ್‌ಐಸಿ 103 ಎಂಬ ತಳಿಯನ್ನು ಇದೇ ರೋಗಕ್ಕೆ ಹೆದರಿ ಕಿತ್ತು ಹಾಕಿದ್ದರು. ಆ ಸುದ್ದಿ ಇಲ್ಲಿಯ ನಾಟಿಯ ಭರಾಟೆಯನ್ನು ತಗ್ಗಿಸಿದಂತೆ ಕಾಣಲಿಲ್ಲ.

ತೊಂಬತ್ತರ ದಶಕದ ದ್ವಿತೀಯಾರ್ಧದಲ್ಲಿ ದಕ್ಷಿಣ ಕನ್ನಡದ ಸರದಿ ಬಂತು. ತಾಮ್ರದ ಬಣ್ಣ ಕಳೆದು ತಿಳಿಹಸಿರಿಗೆ ತಿರುಗುವ ಎಳೆ ಎಲೆಯೇ ಇದಕ್ಕೆ ಇಷ್ಟ. ರಾತ್ರಿಯ ಇಬ್ಬನಿ, ನಡುವೆ ಒಂದೆರಡು ಬೇಸಿಗೆ ಮಳೆ, ಹಗಲಿಗೆ ಬೆವರಿಳಿಸುವ ಸೆಕೆ: ಬೀಜಾಣು ಮೊಳೆಯಲು ಅಷ್ಟು ಸಾಕು. ಅದು ಬಿಡುವ ವಿಷ ನರಗಳಲ್ಲಿ ಹರಿದು ಅವನ್ನು ಕಪ್ಪಾಗಿಸುತ್ತದೆ. ಬೆಳಕಿಗೆ ಹಿಡಿದರೆ ಎಲೆಯಲ್ಲಿ ಮೀನಿನ ಮುಳ್ಳು ಕಂಡಂತಾಗುತ್ತದೆ. ಎಲೆ ಬಲಿತ ಮೇಲೆ ಮಳೆ ಬಂದರೆ ಅಷ್ಟು ಭಯವಿಲ್ಲ. ಎಲ್ಲವೂ ಆ ಎರಡು ಮೂರು ವಾರಗಳ ಲೆಕ್ಕ.

ಮ್ಯಾಂಕೋಜೆಬ್, ಕಾರ್ಬೆಂಡಾಜಿಮ್ ಎಂಬ ಶಿಲೀಂಧ್ರನಾಶಕಗಳ ಸಿಂಪಡಣೆ ಶುರುವಾಯಿತು. ಎತ್ತರದ ಮರ, ಕಡಿದಾದ ಗುಡ್ಡ, ಬೇಸಿಗೆಯಲ್ಲಿ ನೀರಿಲ್ಲ. ಕಾಗದದ ಮೇಲಿನಷ್ಟು ಸಲೀಸಲ್ಲ. 2005ರಲ್ಲಿ ಆರ್‌ಆರ್‌ಐಐ 414, 430 ತಳಿಗಳು ಬಂದವು, 430 ಈ ರೋಗವನ್ನು ಚೆನ್ನಾಗಿ ತಾಳುತ್ತದೆ. ಆದರೆ 2011ರಲ್ಲಿ ಕಿಲೋಗೆ 200 ರೂಪಾಯಿ ದಾಟಿದ್ದ ಧಾರಣೆ ಮುಂದಿನ ಕೆಲವೇ ವರ್ಷಗಳಲ್ಲಿ ಕುಸಿದಾಗ ಹಲವರು ಮೊದಲು ಕೈಬಿಟ್ಟದ್ದು ಮದ್ದನ್ನೇ. ರಬ್ಬರ್ ಮರ ಹಾಲು ಕೊಡಲು ಏಳು ವರ್ಷ ಬೇಕು, ಆಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ನಿಲ್ಲುತ್ತದೆ. ಧಾರಣೆಯ ಅಮಲಿನಲ್ಲಿ ನೆಟ್ಟ 105ರ ಮರಗಳಿಗೆ ಈಗ ನಡುವಯಸ್ಸು. ಬರುವ ಫೆಬ್ರವರಿಯಲ್ಲೂ ಅವು ಒಟ್ಟಿಗೇ ಚಿಗುರುತ್ತವೆ.