ಬ್ರೈಸ್ ಯಂಗ್ ಕೈಗೆ ಏನೂ ಆಗಿರ್ಲಿಲ್ಲ

ಅಮೆರಿಕನ್ ಫುಟ್‌ಬಾಲಲ್ಲಿ ಒಂದು ಟೀಮಿನ ಪಾಸಿಂಗ್ ಹದಗೆಟ್ಟಿದೆ ಅಂದ್ರೆ ಎಲ್ಲರ ಕಣ್ಣು ಮೊದಲು ಹೋಗೋದು ಬಾಲು ಎಸೆಯೋ ಆಟಗಾರ, ಅಂದ್ರೆ ಕ್ವಾರ್ಟರ್‌ಬ್ಯಾಕ್ ಮೇಲೆ, ಅದರಲ್ಲೂ ಅವನ ಕೈ ಮೇಲೆ. ಕೈಯಲ್ಲಿ ತಾಕತ್ತಿಲ್ಲ, ಹುಡುಗ ಕುಳ್ಳ, ದೊಡ್ಡೋರ ಜೊತೆ ಆಡೋಕೆ ಲಾಯಕ್ಕಿಲ್ಲ, ಹೀಗೆ. 2023ರಲ್ಲಿ ಕೆರೊಲೈನಾ ಪ್ಯಾಂಥರ್ಸ್ ಟೀಮಿನ ಬ್ರೈಸ್ ಯಂಗ್ ಬಗ್ಗೆ ಇದೇ ಮಾತು ವರ್ಷ ಪೂರ್ತಿ ನಡೀತು. ನನಗೆ ಆ ಮಾತು ಆಗ್ಲೂ ಒಪ್ಪಿಗೆ ಆಗಿರ್ಲಿಲ್ಲ, ಈಗ್ಲೂ ಇಲ್ಲ, ಯಾಕಂದ್ರೆ ಒಂದು ಪಾಸ್ ಕೈಯಿಂದ ಹೊರಡೋಕ್ಕೆ ಮುಂಚೆ ಏನೇನು ನಡೀಬೇಕು ಅಂತ ಭೌತಶಾಸ್ತ್ರ, ಮಿದುಳು ವಿಜ್ಞಾನ ಎರಡೂ ಇಟ್ಕೊಂಡು ನೋಡಿದ್ರೆ ಆ ಟೀಮಲ್ಲಿ ಕೆಟ್ಟಿದ್ದು ಬೇರೆ ಕಡೆ ಅನ್ನೋದು ಸಾಕಷ್ಟು ಸ್ಪಷ್ಟವಾಗಿ ಕಾಣುತ್ತೆ.

ಮೊದಲು ಆ ವರ್ಷ ಏನಾಯ್ತು ಅಂತ ಹೇಳಿಬಿಡ್ತೀನಿ. ಯಂಗ್ ಅಲಬಾಮಾ ಯೂನಿವರ್ಸಿಟಿಗೆ ಆಡಿ 2021ರಲ್ಲಿ ಹೈಸ್‌ಮನ್ ಟ್ರೋಫಿ ಗೆದ್ದವನು, ಅಂದ್ರೆ ಕಾಲೇಜ್ ಮಟ್ಟದಲ್ಲಿ ಆ ವರ್ಷದ ಅತ್ಯುತ್ತಮ ಆಟಗಾರ. 2023ರ ಡ್ರಾಫ್ಟಲ್ಲಿ, ಅಂದ್ರೆ ಟೀಮುಗಳು ಸರದಿ ಮೇಲೆ ಕಾಲೇಜ್ ಆಟಗಾರರನ್ನ ಆರಿಸ್ಕೊಳ್ಳೋ ಕಡೆ, ಅವನನ್ನ ಮೊದಲನೇ ಆಯ್ಕೆಯಾಗಿ ತಗೊಳ್ಳೋಕೆ ಪ್ಯಾಂಥರ್ಸ್ ನವರು ಶಿಕಾಗೋ ಬೇರ್ಸ್ ಗೆ ಆ ವರ್ಷದ ಎರಡು ಆಯ್ಕೆ, 2024ರ ಮೊದಲ ಸುತ್ತಿನ ಆಯ್ಕೆ, 2025ರ ಎರಡನೇ ಸುತ್ತಿನ ಆಯ್ಕೆ ಎಲ್ಲಾ ಕೊಟ್ಟು, ಅದರ ಮೇಲೆ ಡಿ.ಜೆ. ಮೂರ್ ಅನ್ನೋ ತಮ್ಮ ಅತ್ಯುತ್ತಮ ರಿಸೀವರನ್ನೂ ಕೊಟ್ಟುಬಿಟ್ರು. ಎಸೆಯೋನನ್ನ ತರೋಕೆ ಹಿಡಿಯೋನನ್ನ ಕಳ್ಕೊಂಡ್ರು! ಆ ಸೀಸನ್ 17 ಪಂದ್ಯದಲ್ಲಿ ಗೆದ್ದಿದ್ದು 2. ಹೆಡ್ ಕೋಚ್ ಫ್ರ್ಯಾಂಕ್ ರೈಕ್ ಅವರನ್ನ 11 ಪಂದ್ಯಕ್ಕೇ ತೆಗೆದ್ರು. ಕೊನೇ ಎರಡು ಪಂದ್ಯದಲ್ಲಿ ಟೀಮ್ ಒಂದೇ ಒಂದು ಪಾಯಿಂಟ್ ಮಾಡ್ಲಿಲ್ಲ, 26-0, 9-0. ಯಂಗ್ 2,877 ಯಾರ್ಡ್ ಎಸೆದ, 11 ಟಚ್‌ಡೌನ್ (ಎದುರಾಳಿ ಕಡೆಯ ಕೊನೇ ಗೆರೆ ದಾಟಿಸಿ ಪಾಯಿಂಟ್ ತಂದ ಎಸೆತ), 10 ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಎಸೆತ), ಮತ್ತೆ 62 ಸಲ ಸ್ಯಾಕ್ ಆದ, ಅಂದ್ರೆ ಬಾಲ್ ಕೈಯಲ್ಲಿ ಇದ್ದಾಗ್ಲೇ ಎದುರಾಳಿಗಳು ಅವನನ್ನ ಕೆಡವಿದ್ದು 62 ಸಲ.

ಈ ಎಲ್ಲಾ ನಂಬರುಗಳನ್ನ ಒಂದರಲ್ಲಿ ಹಿಡಿಯೋ ಒಂದು ಅಳತೆ ಇದೆ. ಎಸೆದ ಯಾರ್ಡಿಗೆ ಪ್ರತಿ ಟಚ್‌ಡೌನಿಗೆ 20 ಸೇರಿಸಿ, ಪ್ರತಿ ಇಂಟರ್‌ಸೆಪ್ಷನಿಗೆ 45 ಕಳೆದು, ಸ್ಯಾಕಲ್ಲಿ ಹಿಂದೆ ಹೋದ ಯಾರ್ಡನ್ನೂ ಕಳೆದು, ಎಸೆತ ಮತ್ತೆ ಸ್ಯಾಕ್ ಎರಡರ ಒಟ್ಟು ಸಂಖ್ಯೆಯಿಂದ ಭಾಗಿಸೋದು. ಯಂಗ್ ಗೆ ಬರೋದು ಸುಮಾರು 3.7. ಅದೇ ಡ್ರಾಫ್ಟಲ್ಲಿ ಎರಡನೇ ಆಯ್ಕೆಯಾಗಿ ಹ್ಯೂಸ್ಟನ್ ಗೆ ಹೋದ ಸಿ.ಜೆ. ಸ್ಟ್ರೌಡ್ ಗೆ ಬರೋದು ಹೆಚ್ಚುಕಮ್ಮಿ 7.5. ಎರಡರಷ್ಟು! ಹಾಗಾಗಿ ಜನ ಇವನು ಫೇಲು, ಅವನು ಪಾಸು ಅಂತ ತೀರ್ಮಾನ ಮಾಡಿದ್ದು ಅರ್ಥ ಆಗುತ್ತೆ, ಆದ್ರೆ ಈ ಅಳತೆ ಒಬ್ಬನ ಹೆಸರಲ್ಲಿ ಬರೆದಿದ್ರೂ ಅದರೊಳಗೆ ಇರೋದು ಹನ್ನೊಂದು ಜನರ ಕೆಲಸ.

ಕೈ ವಿಷಯ ಬೇಗ ಮುಗಿಸಿಬಿಡೋಣ. ಸುಮಾರು 28 ಸೆಂಟಿಮೀಟರ್ ಉದ್ದ, 400 ಗ್ರಾಂ ಚಿಲ್ಲರೆ ತೂಕದ ಎರಡು ಕಡೆ ಚೂಪಾದ ಬಾಲು ಅದು, ಬೆರಳಿಂದ ತಿರುಗಿಸಿ ಬಿಟ್ರೆ ಸೆಕೆಂಡಿಗೆ ಸುಮಾರು ಹತ್ತು ಸುತ್ತು ಸುತ್ತುತ್ತಾ ಹೋಗುತ್ತೆ, ಆ ಸುತ್ತು ಇರೋದ್ರಿಂದ್ಲೇ ಗಾಳಿಯಲ್ಲಿ ಪಲ್ಟಿ ಹೊಡೆಯಲ್ಲ. ಇದರಲ್ಲಿ ಒಂದು ಒಗಟಿತ್ತು. ಹಾಗೆ ಸುತ್ತೋ ವಸ್ತು ತನ್ನ ಅಕ್ಷದ ದಿಕ್ಕು ಬಿಡಬಾರದು, ಅಂದ್ರೆ ಮೇಲ್ಮುಖವಾಗಿ ಹೊರಟ ಬಾಲು ಕೆಳಗೆ ಬರುವಾಗ್ಲೂ ಮೂತಿ ಮೇಲೇ ಇಟ್ಕೊಂಡಿರಬೇಕು, ಆದ್ರೆ ನಿಜವಾಗಿ ಮೂತಿ ದಾರಿ ಜೊತೆಗೇ ಬಾಗುತ್ತೆ. 2020ರಲ್ಲಿ ತಿಮೋತಿ ಗೇ, ರಿಚರ್ಡ್ ಪ್ರೈಸ್, ವಿಲಿಯಂ ಮಾಸ್ ಅನ್ನೋ ಮೂರು ಜನ ಭೌತವಿಜ್ಞಾನಿಗಳು ಇದಕ್ಕೆ ಉತ್ತರ ಕೊಟ್ರು: ಬಾಲಿನ ಮೂತಿಗೆ ಗಾಳಿ ಕೊಡೋ ಒತ್ತಡ, ಬಾಲಿನ ಸುತ್ತು ಎರಡೂ ಸೇರಿ ಮೂತಿಯನ್ನ ದಾರಿಯ ಸುತ್ತಲೂ ಸಣ್ಣದಾಗಿ ಓಲಾಡಿಸುತ್ವೆ, ಆ ಓಲಾಟದಲ್ಲೇ ಮೂತಿ ನಿಧಾನಕ್ಕೆ ಕೆಳಗೆ ಬಾಗ್ತಾ ಹೋಗುತ್ತೆ. ಎಷ್ಟು ಚೆಂದದ ಉತ್ತರ ಅಲ್ವಾ. ಯಂಗ್ ಕಾಲೇಜಲ್ಲಿ ಎರಡು ವರ್ಷ ಇದನ್ನ ಅಚ್ಚುಕಟ್ಟಾಗಿ ಮಾಡಿದವನು, ಪ್ರೊಫೆಷನಲ್ ಆದ ತಕ್ಷಣ ಮಣಿಕಟ್ಟು ಅದನ್ನ ಮರೆಯಲ್ಲ.

ಈಗ ಅಸಲು ವಿಷಯ, ಟೈಮು. ಬಾಲು ಕ್ವಾರ್ಟರ್‌ಬ್ಯಾಕ್ ಗೆ ಹೋಗೋ ಕ್ಷಣದಿಂದ ಅವನು ಎಸೆಯೋ ಕ್ಷಣದವರೆಗೆ ಸಿಗೋದು ಸಾಮಾನ್ಯವಾಗಿ ಎರಡೂವರೆ ಸೆಕೆಂಡು, ಸ್ವಲ್ಪ ಆಚೆ ಈಚೆ. ಅಷ್ಟರಲ್ಲಿ ಹಿಂದಕ್ಕೆ ಹೆಜ್ಜೆ ಹಾಕಬೇಕು, ಎದುರು ಟೀಮಿನ ಡಿಫೆಂಡರ್ ಗಳು ಯಾವ ಕಡೆ ಸರೀತಿದ್ದಾರೆ ನೋಡಬೇಕು, ಮೊದಲನೇ ರಿಸೀವರ್ ಖಾಲಿ ಇದ್ದಾನಾ, ಇಲ್ಲಾಂದ್ರೆ ಎರಡನೆಯವನು, ಮೂರನೆಯವನು. ಕಣ್ಣಿಗೆ ಬಿದ್ದ ಒಂದೇ ಒಂದು ಸುಳಿವಿಗೆ ಕೈ ಪ್ರತಿಕ್ರಿಯೆ ಕೊಡೋಕೇ 200ರಿಂದ 250 ಮಿಲಿಸೆಕೆಂಡ್ ಬೇಕು, ಆಯ್ಕೆಗಳು ಜಾಸ್ತಿ ಆದಷ್ಟೂ ಅದು ಇನ್ನೂ ಏರುತ್ತೆ ಅಂತ ವಿಲಿಯಂ ಹಿಕ್ 1952ರಲ್ಲೇ ತೋರಿಸಿದ್ರು. ಹಾಗಾಗಿ ಒಳ್ಳೆ ಕ್ವಾರ್ಟರ್‌ಬ್ಯಾಕ್ ಯಾರೂ ನೋಡಿ ಆಮೇಲೆ ಎಸೆಯಲ್ಲ, ಮುಂದೆ ಏನಾಗುತ್ತೆ ಅಂತ ಮೊದಲೇ ಊಹಿಸಿ ಎಸೀತಾನೆ. ನಮ್ಮ ಕ್ರಿಕೆಟಲ್ಲಿ 140 ಕಿಲೋಮೀಟರ್ ಸ್ಪೀಡಿನ ಬಾಲನ್ನ ಬ್ಯಾಟ್ಸ್‌ಮನ್ ಬಾಲು ಬಂದ್ಮೇಲೆ ನೋಡಿ ಆಡಲ್ಲ, ಬೌಲರ್ ಮಣಿಕಟ್ಟು, ಭುಜ ನೋಡಿ ಮುಂಚೆನೇ ಕಾಲು ತೆಗೀತಾನಲ್ಲ, ಇಲ್ಲಿ ನಡೆಯೋದೂ ಅದೇ, ಓದಬೇಕಾದ ದೇಹಗಳು ಮಾತ್ರ ಏಳೆಂಟು.

ಊಹೆ ತಡ ಆದ್ರೆ ಏನು ನಷ್ಟ? ರಿಸೀವರ್ ಸೆಕೆಂಡಿಗೆ 8 ಮೀಟರ್ ಓಡ್ತಾನೆ ಅಂತ ಇಟ್ಕೊಳ್ಳಿ. 0.3 ಸೆಕೆಂಡ್ ತಡ ಮಾಡಿದ್ರೆ ಅವನು 2.4 ಮೀಟರ್ ಮುಂದೆ ಹೋಗಿರ್ತಾನೆ, ಖಾಲಿ ಇದ್ದ ಜಾಗ ಮುಚ್ಚಿರುತ್ತೆ. ಇನ್ನು ಗುರಿ ತಪ್ಪೋದು ಬೇರೆ: ಎಸೆತದ ದಿಕ್ಕು ಬರೀ 2 ಡಿಗ್ರಿ ತಪ್ಪಿದ್ರೂ 20 ಮೀಟರ್ ದೂರದಲ್ಲಿ ಬಾಲು 70 ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತೆ, ಅಂದ್ರೆ ಎದೆಗೆ ಬರಬೇಕಾಗಿದ್ದು ಕೈಗೆಟುಕೋ ಕೊನೇ ಅಂಚಿಗೆ. ಯಂಗ್ ಆಡಿದ ಮೊಟ್ಟಮೊದಲ ಪಂದ್ಯ, 2023ರ ಸೆಪ್ಟೆಂಬರ್ 10, ಅಟ್ಲಾಂಟಾದಲ್ಲಿ. ಎದುರು ಟೀಮಿನ ಸೇಫ್ಟಿ, ಅಂದ್ರೆ ಎಲ್ಲರಿಗಿಂತ ಹಿಂದೆ ನಿಂತು ಕಾಯೋ ಡಿಫೆಂಡರ್, ಜೆಸ್ಸಿ ಬೇಟ್ಸ್ ಒಬ್ಬನೇ ಇವನ ಎರಡು ಪಾಸ್ ಹಿಡಿದುಬಿಟ್ಟ. ಬೇಟ್ಸ್ ಥರದವರ ಕೆಲಸಾನೇ ಕ್ವಾರ್ಟರ್‌ಬ್ಯಾಕ್ ಊಹೆಗಿಂತ ಒಂದು ಹೆಜ್ಜೆ ಮುಂದೆ ಊಹಿಸೋದು.

ಇಲ್ಲಿಂದ ಮುಂದೆ ಎತ್ತರದ ಮಾತು, ಯಾಕಂದ್ರೆ ಯಂಗ್ ಬಗ್ಗೆ ಅತಿ ಹೆಚ್ಚು ಆಡಿದ ಮಾತು ಇದೇ. ಅವನ ಎತ್ತರ 5 ಅಡಿ 10 ಇಂಚು, ಅವನ ಮುಂದೆ ನಿಲ್ಲೋರು 6 ಅಡಿ 4, 6 ಅಡಿ 5 ಇಂಚಿನ ದೈತ್ಯರು. ಒಂದು ಅಂದಾಜು ಲೆಕ್ಕ ಮಾಡೋಣ, ಗಾಳಿಯ ತಡೆ ಬಿಟ್ಟು. ಯಂಗ್ ಬಾಲು ಬಿಡೋದು ನೆಲದಿಂದ 1.9 ಮೀಟರ್ ಎತ್ತರದಲ್ಲಿ ಅಂದ್ಕೊಳ್ಳಿ, ಎದುರಾಳಿ ಕೈ ಎತ್ತಿದ್ರೆ 2.4 ಮೀಟರ್. ಆ ಎದುರಾಳಿ 4 ಮೀಟರ್ ದೂರದಲ್ಲಿ ಇದ್ರೆ ನೇರ ಗೆರೆ ಎಳೆದು ನೋಡಿದ್ರೆ ಅವನ ಬೆರಳ ತುದಿಗೆ 7 ಡಿಗ್ರಿ ಕೋನ. ಅವನು 2 ಮೀಟರಿಗೆ ಬಂದುಬಿಟ್ರೆ 14 ಡಿಗ್ರಿ. ಸರಿ, ಅದರಿಂದ ಏನಾಯ್ತು ಅಂದ್ರೆ, 20 ಮೀಟರ್ ದೂರದ ರಿಸೀವರಿಗೆ ಸೆಕೆಂಡಿಗೆ 24 ಮೀಟರ್ ವೇಗದಲ್ಲಿ ಎಸೆಯೋ ಗಟ್ಟಿ ಪಾಸಿಗೆ ಬೇಕಾದ ಕೋನ ಸುಮಾರು 10 ಡಿಗ್ರಿ. ಎದುರಾಳಿ 4 ಮೀಟರಲ್ಲಿ ಇದ್ರೆ ಆ ಪಾಸ್ ಹೇಗೋ ದಾಟುತ್ತೆ, 0.85 ಸೆಕೆಂಡಲ್ಲಿ ತಲುಪುತ್ತೆ. ಎದುರಾಳಿ 2 ಮೀಟರಲ್ಲಿ ಇದ್ರೆ ಅದೇ ಪಾಸ್ ಅವನ ಕೈಗೆ ಬಡಿಯುತ್ತೆ, ಹಾಗಾಗಿ ಎತ್ತರಕ್ಕೆ ಎಸೀಬೇಕು, ಎತ್ತರಕ್ಕೆ ಎಸೆದು ಅದೇ ಜಾಗಕ್ಕೆ ಬೀಳಬೇಕು ಅಂದ್ರೆ ವೇಗ ಇಳಿಸಬೇಕು, ಆಗ ತಲುಪೋಕೆ ಸರಿಸುಮಾರು ಒಂದು ಸೆಕೆಂಡ್ ಆಗುತ್ತೆ. ಆ 0.15 ಸೆಕೆಂಡಲ್ಲಿ ಡಿಫೆಂಡರ್ 1.2 ಮೀಟರ್ ಹತ್ತಿರ ಬಂದಿರ್ತಾನೆ. ಖಾಲಿ ಇದ್ದ ರಿಸೀವರ್ ಈಗ ಖಾಲಿ ಇಲ್ಲ.

ಇದನ್ನ ಇನ್ನೊಂದು ಸಲ ನೋಡಿ ದಯವಿಟ್ಟು, ಯಾಕಂದ್ರೆ ನನ್ನ ವಾದ ನಿಂತಿರೋದೇ ಇದರ ಮೇಲೆ. ಎತ್ತರ ಹುಟ್ಟಿಂದ ಬಂದಿದ್ದು, ಅದನ್ನ ಯಾರೂ ಬದಲಾಯಿಸೋಕೆ ಆಗಲ್ಲ. ಆದ್ರೆ ದೂರ ಬದಲಾಯಿಸಬಹುದು, ಮತ್ತೆ ದೂರ ಎರಡರಷ್ಟಾದ್ರೆ ಎತ್ತರದ ಸಮಸ್ಯೆ ಅರ್ಧ ಆಗುತ್ತೆ. ಆ ದೂರ ಕಾಯೋರು ಲೈನ್, ಅಂದ್ರೆ ಕ್ವಾರ್ಟರ್‌ಬ್ಯಾಕ್ ಮುಂದೆ ನಿಂತು ಎದುರಾಳಿಗಳನ್ನ ತಡೆಯೋ ಐದು ಜನರ ಸಾಲಿನ, ಮಧ್ಯದಲ್ಲಿರೋ ಮೂರು ಜನ, ಸೆಂಟರ್ ಮತ್ತೆ ಅವನ ಎರಡು ಪಕ್ಕದ ಗಾರ್ಡ್ ಗಳು. ಪಕ್ಕದಿಂದ ಒತ್ತಡ ಬಂದ್ರೆ ಕ್ವಾರ್ಟರ್‌ಬ್ಯಾಕ್ ಒಂದು ಹೆಜ್ಜೆ ಮುಂದೆ ಬಂದು ತಪ್ಪಿಸ್ಕೊಳ್ಳಬಹುದು, ಮಧ್ಯದಿಂದ ಬಂದ್ರೆ ಮುಂದೆ ಬರೋಕೂ ಜಾಗ ಇರಲ್ಲ, ಕಣ್ಣಿಗೂ ಅಡ್ಡ. ನ್ಯೂ ಆರ್ಲಿಯನ್ಸ್ ಟೀಮು ಡ್ರೂ ಬ್ರೀಸ್ ಗೆ, ಅವನು ಆರೇ ಅಡಿ, ಜಾರಿ ಎವನ್ಸ್, ಕಾರ್ಲ್ ನಿಕ್ಸ್ ಅನ್ನೋ ಎರಡು ಭಾರಿ ಗಾರ್ಡ್ ಗಳನ್ನ ನಿಲ್ಲಿಸಿತ್ತು, 2009ರ ಸೀಸನಲ್ಲಿ ಲೀಗಿನ ಫೈನಲ್ ಆದ ಸೂಪರ್ ಬೌಲ್ ಕೂಡಾ ಗೆಲ್ತು. ಪ್ಯಾಂಥರ್ಸ್ ನಲ್ಲಿ 2023ರಲ್ಲಿ ಅದೇ ಗಾರ್ಡ್ ಜಾಗಗಳಲ್ಲಿ ಗಾಯದ ಮೇಲೆ ಗಾಯ, ವಾರವಾರಕ್ಕೆ ಬೇರೆ ಬೇರೆ ಜನ.

ಏಟು ತಿಂದ ಮೇಲೆ ಮಿದುಳಲ್ಲಿ ಏನಾಗುತ್ತೆ ಅನ್ನೋದು ನನಗೆ ಇನ್ನೂ ಬೇಜಾರು ತರೋ ಭಾಗ. ಒತ್ತಡ ಏರಿದಾಗ ಮನುಷ್ಯ ಗಮನಿಸೋ ಸುಳಿವುಗಳ ವ್ಯಾಪ್ತಿ ಕಿರಿದಾಗುತ್ತೆ ಅಂತ ಈಸ್ಟರ್‌ಬ್ರುಕ್ ಅನ್ನೋ ಮನಶ್ಶಾಸ್ತ್ರಜ್ಞ 1959ರಲ್ಲಿ ಬರೆದ್ರು. ಕ್ವಾರ್ಟರ್‌ಬ್ಯಾಕ್ ಗೆ ಅದರ ಅರ್ಥ ಏನು? ದೂರದ ರಿಸೀವರ್ ಗಳನ್ನ ನೋಡಬೇಕಾದ ಕಣ್ಣು ಹತ್ತಿರ ನುಗ್ಗಿ ಬರೋ ದೇಹಗಳ ಕಡೆ ಇಳಿಯುತ್ತೆ. ಕಣ್ಣು ಇಳಿದ್ರೆ ಊಹೆ ತಡ, ಊಹೆ ತಡ ಆದ್ರೆ ಬಾಲು ಕೈಯಲ್ಲೇ ಉಳಿಯುತ್ತೆ, ಉಳಿದ್ರೆ ಮತ್ತೆ ಸ್ಯಾಕ್, ಮತ್ತೆ ಭಯ. ಕೆಲವು ಸಲ ಒತ್ತಡ ಇಲ್ಲದೇ ಇದ್ರೂ ಇದೆ ಅನ್ನಿಸಿ ಕಾಲು ತಾನಾಗೇ ಕದಲುತ್ತೆ, ಕಾಲು ಕದಲಿದ್ರೆ ಆ 2 ಡಿಗ್ರಿ ತಪ್ಪು ಗ್ಯಾರಂಟಿ. ಹಾಗಾಗಿ 62 ಸ್ಯಾಕಿನಲ್ಲಿ ಒಂದು ಪಾಲು ಯಂಗ್ ದೇ ಅಂತ ಒಪ್ಪಲೇಬೇಕು, ಬಾಲು ಬೇಗ ಬಿಡಬೇಕಿತ್ತು, ಬಿಡ್ಲಿಲ್ಲ. ಆದ್ರೆ ಆ ತಡ ಎಲ್ಲಿಂದ ಹುಟ್ಟಿತು ಅಂತ ಕೇಳದೇ ತಪ್ಪು ಹೊರಿಸೋದು ಅನ್ಯಾಯ.

2024ರ ಮಾರ್ಚಲ್ಲಿ ಹೊಸ ಕೋಚ್ ಡೇವ್ ಕನಾಲಿಸ್ ಇರುವಾಗ ಟೀಮು ರಾಬರ್ಟ್ ಹಂಟ್ ಅನ್ನೋ ಗಾರ್ಡಿಗೆ ಐದು ವರ್ಷಕ್ಕೆ 10 ಕೋಟಿ ಡಾಲರ್, ಡೇಮಿಯನ್ ಲೂಯಿಸ್ ಗೆ ನಾಲ್ಕು ವರ್ಷಕ್ಕೆ 5.3 ಕೋಟಿ ಡಾಲರ್ ಒಪ್ಪಂದ ಮಾಡ್ಕೊಳ್ತು. ಟಿವಿಯಲ್ಲಿ ಹೆಸರೂ ಕೇಳಿಸದ ಜಾಗಕ್ಕೆ ಅಷ್ಟು ದುಡ್ಡು. ತಕ್ಷಣ ಸರಿ ಹೋಯ್ತಾ? ಇಲ್ಲ. ಮೊದಲ ಎರಡು ಪಂದ್ಯ 47-10, 26-3 ಅಂತ ಸೋತು ಯಂಗ್ ನನ್ನ ಬೆಂಚಿಗೆ ಕೂರಿಸಿದ್ರು. ಅದೇ ಲೈನ್ ಇಟ್ಕೊಂಡು 2011ರಿಂದ ಲೀಗಲ್ಲಿ ಆಡ್ತಿದ್ದ ಆ್ಯಂಡಿ ಡಾಲ್ಟನ್ ಲಾಸ್ ವೇಗಸಲ್ಲಿ 319 ಯಾರ್ಡ್ ಎಸೆದು 36-22 ಗೆದ್ದ. ಇದು ನನ್ನ ವಾದಕ್ಕೆ ಅಡ್ಡ ಬರುತ್ತೆ ಅಂತ ಕೆಲವರು ಹೇಳ್ತಾರೆ, ನನಗೆ ಹಾಗೆ ಅನ್ಸಲ್ಲ. ಲೈನ್ ಸರಿ ಆದ್ರೂ ಕಣ್ಣು ಮತ್ತೆ ಮೇಲೆ ಏಳೋಕೆ ಟೈಮ್ ಬೇಕು, ಡಾಲ್ಟನ್ ಕಣ್ಣು ಕೆಳಗೆ ಇಳಿದೇ ಇರ್ಲಿಲ್ಲ, ಹನ್ನೆರಡು ಹದಿಮೂರು ವರ್ಷದಲ್ಲಿ ನೋಡಿದ ಸಾವಿರಾರು ಪ್ಲೇಗಳು ಅವನ ತಲೆಯಲ್ಲಿ ಇದ್ವು. ಅಕ್ಟೋಬರಲ್ಲಿ ಡಾಲ್ಟನ್ ಕಾರು ಅಪಘಾತದಲ್ಲಿ ಹೆಬ್ಬೆರಳು ಪೆಟ್ಟು ಮಾಡ್ಕೊಂಡ, ಯಂಗ್ ವಾಪಸ್ ಬಂದ, ಈ ಸಲ ಕಾಲು ನೆಲದ ಮೇಲೆ ನಿಂತಿತ್ತು. ಆ ವರ್ಷ 14 ಪಂದ್ಯದಲ್ಲಿ 29 ಸ್ಯಾಕ್. ಸೀಸನ್ನಿನ ಕೊನೇ ಪಂದ್ಯದಲ್ಲಿ ಮೂರು ಟಚ್‌ಡೌನ್ ಎಸೆದು, ಎರಡು ತಾನೇ ಓಡಿ ಮಾಡಿ, ಓವರ್‌ಟೈಮಲ್ಲಿ 44-38 ಗೆಲ್ಲಿಸಿದ. 2025ರ ನವೆಂಬರಲ್ಲಿ ಒಂದೇ ಪಂದ್ಯದಲ್ಲಿ 448 ಯಾರ್ಡ್ ಎಸೆದು ಕ್ಯಾಮ್ ನ್ಯೂಟನ್ ಹೆಸರಲ್ಲಿದ್ದ ಟೀಮಿನ ದಾಖಲೆ ಮುರಿದ. ಎತ್ತರ ಅಷ್ಟೇ ಇದೆ, ಕೈಯೂ ಅದೇ.

ಇನ್ನೊಂದು ವಿಷಯ ಇದಕ್ಕೇ ಅಂಟಿಕೊಂಡಿದೆ. ಯಂಗ್ ಗೋಸ್ಕರ ಬೇರ್ಸ್ ಗೆ ಕೊಟ್ಟ 2024ರ ಆಯ್ಕೆ ಇತ್ತಲ್ಲ, ಪ್ಯಾಂಥರ್ಸ್ ಕೊನೇ ಸ್ಥಾನಕ್ಕೆ ಹೋಗಿದ್ರಿಂದ ಅದೇ ಆ ವರ್ಷದ ಮೊದಲನೇ ಆಯ್ಕೆ ಆಯ್ತು, ಅದರಲ್ಲಿ ಶಿಕಾಗೋ ಕ್ವಾರ್ಟರ್‌ಬ್ಯಾಕ್ ಕೇಲಬ್ ವಿಲಿಯಮ್ಸ್ ನನ್ನ ತಗೊಳ್ತು. ಮೊದಲ ವರ್ಷ ಅವನು ಸ್ಯಾಕ್ ಆಗಿದ್ದು 68 ಸಲ, ಯಂಗ್ ಗಿಂತ್ಲೂ ಜಾಸ್ತಿ, ಮತ್ತೆ ಅದೇ ಮಾತುಗಳು ಶುರು ಆದ್ವು. 2025ಕ್ಕೆ ಹೊಸ ಕೋಚ್ ಬೆನ್ ಜಾನ್ಸನ್ ಬಂದ್ರು, ಜೋ ಥೂನಿ, ಜೋನಾ ಜಾಕ್ಸನ್ ಅನ್ನೋ ಎರಡು ಗಾರ್ಡು, ಡ್ರೂ ಡಾಲ್ಮನ್ ಅನ್ನೋ ಸೆಂಟರು, ಲೈನ್ ಮಧ್ಯದ ಮೂರೂ ಜಾಗಕ್ಕೆ ಒಂದೇ ಸಲಕ್ಕೆ ಹೊಸಬರನ್ನ ತಂದ್ರು. ಆ ಸೀಸನಲ್ಲಿ ವಿಲಿಯಮ್ಸ್ ಸ್ಯಾಕ್ ಆಗಿದ್ದು ಹಿಂದಿನ ವರ್ಷದ ಅರ್ಧಕ್ಕಿಂತ ಕಮ್ಮಿ.